ಹನ್ನೊಂದು ಪಾಯಿಂಟಿನ ಖತಾವಣಿ

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನ ಹೆಸರನ್ನು ನಾನು ಮೊದಲು ಓದಿದ್ದು ಬಿ.ಕಾಂ.ನ ಸಹಕಾರ ಪಠ್ಯದಲ್ಲಿ. 1844ರಲ್ಲಿ 28 ಮಂದಿ ಸೇರಿ ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು, ಹಿಟ್ಟು, ಬೆಣ್ಣೆ, ಸಕ್ಕರೆ ಮಾರಿ ಲಾಭವನ್ನು ಸದಸ್ಯರಿಗೇ ಹಂಚಿದರು. ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ ಗ್ಯಾರಂಟಿ. ಆಮೇಲೆ ಶಿರಸಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಅಡಿಕೆ ವಿಕ್ರಿಯ ಲೆಕ್ಕ ಬರೆಯುತ್ತಲೇ ರಿಟೈರ್ ಆದೆ. ಆ ಊರನ್ನು ಕಣ್ಣಾರೆ ನೋಡುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ.

ಮಗ ಮ್ಯಾಂಚೆಸ್ಟರಿನಲ್ಲಿದ್ದಾನೆ. 2019ರ ಚಳಿಗಾಲದಲ್ಲಿ ಅವನ ಮನೆಗೆ ಹೋದಾಗ ಟ್ರ್ಯಾಮ್ ಹತ್ತಿಸಿ ಟೋಡ್ ಲೇನ್ ತೋರಿಸಿದ. ಮುಂದಿನ ಶನಿವಾರ ಅದೇ ಊರಿನ ಸ್ಪಾಟ್‌ಲ್ಯಾಂಡ್ ಮೈದಾನಕ್ಕೆ ಫುಟ್‌ಬಾಲ್ ನೋಡಲು ಕರೆದುಕೊಂಡು ಹೋದ. ಆಟ ನನಗೆ ಅರ್ಧಂಬರ್ಧ ಅರ್ಥವಾಯಿತು, ಚಳಿ ಪೂರ್ತಿ ಅರ್ಥವಾಯಿತು. ನಮ್ಮ ಪಕ್ಕ ನಿಂತಿದ್ದ ವಯಸ್ಸಾದವರೊಬ್ಬರು, ಊರಿನ ತಂಡ ಗೋಲು ಬಿಟ್ಟಾಗ, 'ಇದೆಲ್ಲ ಏನೂ ಅಲ್ಲ, 1931-32ರಲ್ಲಿ ಸತತ 17 ಪಂದ್ಯ ಸೋತಿದ್ದೇವೆ' ಎಂದರು. ಹೇಳಿದ ಧಾಟಿಯಲ್ಲಿ ಒಂಥರಾ ಹೆಮ್ಮೆ ಇತ್ತು.

ಮನೆಗೆ ಬಂದು ಆ ವರ್ಷದ ಅಂಕಪಟ್ಟಿ ನೋಡಿದೆ. ಥರ್ಡ್ ಡಿವಿಷನ್ ನಾರ್ತ್, ಅಂದರೆ ಫುಟ್‌ಬಾಲ್ ಲೀಗಿನ ಮೂರನೇ ದರ್ಜೆಯ ಉತ್ತರ ಭಾಗ. ಕಟ್ಟಕಡೆಯ ಸಾಲು: ರಾಚ್‌ಡೇಲ್, ಆಡಿದ್ದು 40, ಗೆದ್ದದ್ದು 4, ಡ್ರಾ 3, ಸೋತದ್ದು 33, ಹೊಡೆದ ಗೋಲು 48, ಬಿಟ್ಟ ಗೋಲು 135, ಪಾಯಿಂಟು 11. ಆಗ ಗೆದ್ದರೆ ಎರಡೇ ಪಾಯಿಂಟು, ಡ್ರಾ ಆದರೆ ಒಂದು. ನಾಲ್ಕೆರಡಲಿ ಎಂಟು, ಮೂರು ಸೇರಿ ಹನ್ನೊಂದು. ಸಾಲು ತಾಳೆಯಾಯಿತು. ಆದರೆ ಲೆಕ್ಕದವನಿಗೆ ಬ್ಯಾಲೆನ್ಸ್ ಶೀಟ್ ಒಂದನ್ನೇ ತೋರಿಸಿದರೆ ನಿದ್ದೆ ಬರುವುದಿಲ್ಲ, ದಿನದಿನದ ಲೆಕ್ಕ ಬರೆಯುವ ಕಿರ್ದಿ ಎಲ್ಲಿ ಎಂದು ಕೇಳುತ್ತಾನೆ. ಇಷ್ಟು ದೊಡ್ಡ ನಷ್ಟ ದಿನದಿನಕ್ಕೆ ಹೇಗೆ ಆಯಿತು? ಆ ಋತುವನ್ನು ಮೊದಲ ದಿನದಿಂದ ನಾನೇ ಬರೆದು ನೋಡೋಣ ಎನ್ನಿಸಿತು.

'ಅಪ್ಪಯ್ಯ, ಇದೆಲ್ಲಾ ಇಂಟರ್‌ನೆಟ್ಟಲ್ಲೇ ಇದ್ದು, ಎಂತಕ್ಕೆ ಕಷ್ಟ ಪಡ್ತೆ?' ಎಂದ ಮಗ. ಇರಲಿ ಬಿಡು ಎಂದೆ. ಅವನ ಮನೆಯಲ್ಲಿ ನನಗೆ ಬೇರೆ ಕೆಲಸವಾದರೂ ಏನಿತ್ತು?

ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ಇರುತ್ತದೆ. ಸುರುಳಿಯನ್ನು ಯಂತ್ರಕ್ಕೆ ಏರಿಸಿ, ಗುಂಡಿ ತಿರುಗಿಸುತ್ತಾ ಹೋದರೆ ಪುಟಗಳು ಪರದೆಯ ಮೇಲೆ ಓಡುತ್ತವೆ. ಜೋರಾಗಿ ತಿರುಗಿಸಿದರೆ ತಲೆ ಸುತ್ತುತ್ತದೆ. ನನ್ನ ಕ್ರಮ ಹೀಗಿತ್ತು: ಮೊದಲು ಒಂದು ಉದ್ದ ಪುಸ್ತಕದಲ್ಲಿ ತಾರೀಖಿನ ಪ್ರಕಾರ ಕಿರ್ದಿ. 1931ರ ಆಗಸ್ಟ್ 29ರ ಶನಿವಾರದಿಂದ ಶುರು. ಆತಿಥೇಯ ತಂಡ ಎಡಕ್ಕೆ, ಬಂದವರು ಬಲಕ್ಕೆ, ನಡುವೆ ಗೋಲು. ಇನ್ನೊಂದು ಪುಸ್ತಕದಲ್ಲಿ ತಂಡಕ್ಕೊಂದು ಪುಟ, ಅದು ಖತಾವಣಿ. ಒಂದೊಂದು ಪಂದ್ಯವನ್ನೂ ಎರಡು ಪುಟಕ್ಕೆ ಎತ್ತಬೇಕು. ಲಿಂಕನ್ ತಂಡಕ್ಕೆ ಜಮಾ ಆದ ಗೋಲು ಎದುರಾಳಿಗೆ ಖರ್ಚು. ಪ್ರಪಂಚದಲ್ಲಿ ಇಷ್ಟು ಶುದ್ಧವಾದ ಡಬಲ್ ಎಂಟ್ರಿ ಅಡಿಕೆ ವ್ಯಾಪಾರದಲ್ಲೂ ಇಲ್ಲ.

ಶನಿವಾರದ ಫಲಿತಾಂಶಗಳು ಸೋಮವಾರದ ಪತ್ರಿಕೆಯಲ್ಲಿ ಒಟ್ಟಿಗೆ ಸಿಗುತ್ತವೆ, ಅದು ಸುಲಭ. ಕಷ್ಟ ಕೊಡುವುದು ವಾರದ ನಡುವಿನ ಪಂದ್ಯಗಳು. ಮೈದಾನದಲ್ಲಿ ದೀಪಗಳಿಲ್ಲದ ಕಾಲ, ಹಾಗಾಗಿ ಅವು ಹೆಚ್ಚಾಗಿ ಹಗಲು ಉದ್ದವಿರುವ ಸೆಪ್ಟೆಂಬರಿನಲ್ಲಿ, ಮತ್ತೆ ಏಪ್ರಿಲ್ ಕೊನೆಗೆ. ಕ್ರಿಸ್ಮಸ್ ದಿನವೂ ಆಡುತ್ತಿದ್ದರು, ಮರುದಿನವೂ ಆಡುತ್ತಿದ್ದರು. ಆ ವರ್ಷ ಕ್ರಿಸ್ಮಸ್ ಶುಕ್ರವಾರ. ಎರಡು ದಿನದ ಫಲಿತಾಂಶ ಒಂದೇ ಪುಟದಲ್ಲಿ ಕಲೆತು, ಯಾವುದು ಯಾವ ದಿನದ್ದೆಂದು ಬಿಡಿಸಲು ನನಗೆ ಇಡೀ ಒಂದು ಮಧ್ಯಾಹ್ನ ಹಿಡಿಯಿತು. ಈಸ್ಟರ್‌ನಲ್ಲೂ ಅದೇ ಕಥೆ. ಎಫ್.ಎ. ಕಪ್ ಎಂಬ ಇನ್ನೊಂದು ಟೂರ್ನಿಯ ಪಂದ್ಯಗಳು ಬೇರೆ ಬಾಬತ್ತು, ಅವನ್ನು ಈ ಕಿರ್ದಿಗೆ ಸೇರಿಸಬಾರದು. ಎರಡು ಸಲ ಸೇರಿಸಿ ಹೊಡೆದುಹಾಕಿದೆ.

ಇನ್ನು ಮೂರು ಮತ್ತು ಎಂಟು. ಹಳೆಯ ಅಚ್ಚಿನ ಶಾಯಿ ಹರಡಿದರೆ ಮೈಕ್ರೋಫಿಲ್ಮಿನಲ್ಲಿ ಎರಡೂ ಒಂದೇ. ಬೇರೆಯವರಾದರೆ 'ಎಂಟು ಗೋಲು ಎಲ್ಲಾದರೂ ಉಂಟೇ, ಮೂರೇ ಇರಬೇಕು' ಎಂದು ಮುಂದೆ ಹೋಗಬಹುದು. 135 ಗೋಲು ಬಿಟ್ಟ ತಂಡದ ವಿಷಯದಲ್ಲಿ ಆ ಧೈರ್ಯ ಬರುವುದಿಲ್ಲ. ಅನುಮಾನ ಬಂದದ್ದನ್ನೆಲ್ಲ ಸಸ್ಪೆನ್ಸ್ ಖಾತೆಗೆ ಹಾಕಿ, ಇನ್ನೊಂದು ಪತ್ರಿಕೆ ನೋಡಿ ಆಮೇಲೆ ಚುಕ್ತಾ ಮಾಡಿದೆ.

ಹಾಳೆ ತಿರುಗಿಸುವಾಗ ಪಕ್ಕದ ಸುದ್ದಿಗಳ ಮೇಲೂ ಕಣ್ಣು ಬೀಳುತ್ತದಲ್ಲ. ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಪ್ರಮಾಣ, ಅಂದರೆ ಪೌಂಡಿನ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ಪದ್ಧತಿ, ಬಿಟ್ಟಿತು. ಅದೇ ತಿಂಗಳು ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಲ್ಯಾಂಕಶೈರಿನ ಡಾರ್ವೆನ್‌ಗೆ ಹೋಗಿ ಗಿರಣಿ ಕಾರ್ಮಿಕರನ್ನು ಕಂಡರು. ನಮ್ಮ ಕಡೆ ವಿದೇಶಿ ಬಟ್ಟೆ ಬಹಿಷ್ಕರಿಸಿದ್ದು ಇಲ್ಲಿಯ ಮಗ್ಗಗಳಿಗೂ ತಟ್ಟಿತ್ತು. ರಾಚ್‌ಡೇಲೂ ಹತ್ತಿಯ ಊರೇ. ಗಿರಣಿಗೆ ಕೆಲಸವಿಲ್ಲದಾಗ ಶನಿವಾರದ ಟಿಕೆಟ್ಟಿಗೆ ಕಾಸು ಎಲ್ಲಿಂದ? ಈ ಡಾರ್ವೆನ್ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ನನ್ನ ನಿಜವಾದ ಪಜೀತಿ ಶುರುವಾದದ್ದು ಎಲ್ಲ ಬರೆದು ಮುಗಿದ ಮೇಲೆ. ಪಟ್ಟಿಯಲ್ಲಿ 21 ತಂಡ, ತಲಾ 40 ಪಂದ್ಯ. ಒಂದು ಪಂದ್ಯಕ್ಕೆ ಎರಡು ತಂಡವಾದ್ದರಿಂದ ಒಟ್ಟು 420. ಗೆಲ್ಲಲಿ, ಡ್ರಾ ಆಗಲಿ, ಒಂದು ಪಂದ್ಯದಿಂದ ಹುಟ್ಟುವುದು ಎರಡೇ ಪಾಯಿಂಟು. ಹಾಗಾದರೆ 21 ತಂಡಗಳ ಪಾಯಿಂಟು ಕೂಡಿದರೆ 840 ಬರಲೇಬೇಕು. ನನಗೆ ಬಂದದ್ದು 864. ಇಪ್ಪತ್ನಾಲ್ಕು ಹೆಚ್ಚು! ಎರಡು ರಾತ್ರಿ ಹುಡುಕಿದೆ. ಸೊಸೆ ಪಾಪ, 'ಮಾವಯ್ಯ, ಅದು 90 ವರ್ಷದ ಹಿಂದಿನ ಆಟ, ಮಲಗಿ' ಎಂದಳು.

ಉತ್ತರ ಖತಾವಣಿಯಲ್ಲೇ ಇತ್ತು. ನನ್ನ ಪುಸ್ತಕದಲ್ಲಿ 22 ಪುಟ ತುಂಬಿದ್ದವು. ಇಪ್ಪತ್ತೆರಡನೆಯದು ವಿಗನ್ ಬರೋ. ಸಾಲದಲ್ಲಿ ಮುಳುಗಿದ್ದ ಆ ಕ್ಲಬ್ಬು ಅಕ್ಟೋಬರ್ 24ರಂದು ರೆಕ್ಸ್‌ಹ್ಯಾಮ್‌ನಲ್ಲಿ 5-0 ಸೋತು, 26ರಂದು ಲೀಗಿಗೇ ರಾಜೀನಾಮೆ ಕೊಟ್ಟಿತು. ದೇಶದಲ್ಲಿ ಸಾರ್ವತ್ರಿಕ ಚುನಾವಣೆ ಮರುದಿನ, ಹಾಗಾಗಿ ಪತ್ರಿಕೆಯಲ್ಲಿ ನನ್ನ ಕಣ್ಣಿಗೆ ಅದು ಬೀಳದೇ ಹೋಗಿತ್ತು. ಋತುವಿನ ನಡುವೆ ರಾಜೀನಾಮೆ ಕೊಟ್ಟ ಮೊದಲ ಫುಟ್‌ಬಾಲ್ ಲೀಗ್ ಕ್ಲಬ್ಬು ಅದು. ಆಡಿದ್ದ 12 ಪಂದ್ಯಗಳನ್ನೂ ಲೀಗು ದಾಖಲೆಯಿಂದ ತೆಗೆದುಹಾಕಿತು. ಹನ್ನೆರಡು ಎರಡಲಿ ಇಪ್ಪತ್ನಾಲ್ಕು. ಕೆಂಪು ಶಾಯಿಯಲ್ಲಿ 12 ರಿವರ್ಸಲ್ ಎಂಟ್ರಿ ಹಾಕಿದೆ, 840 ಬಂತು. ಈ ಕಾರಣಕ್ಕೇ ಅಕ್ಟೋಬರ್ ಪತ್ರಿಕೆಯ ಅಂಕಪಟ್ಟಿಯನ್ನು ನಂಬಿ ಮುಂದಿನ ಲೆಕ್ಕ ಕಟ್ಟಬಾರದು. ಅದರಲ್ಲಿ ವಿಗನ್ ವಿರುದ್ಧದ ಗಳಿಕೆ ಇನ್ನೂ ಕುಳಿತಿರುತ್ತದೆ.

ಪಾಯಿಂಟು ಸರಿಯಾಯಿತು, ಗೋಲು ತಾಳೆಯಾಗಲಿಲ್ಲ. ಎಲ್ಲರೂ ಹೊಡೆದ ಗೋಲಿಗೂ ಎಲ್ಲರೂ ಬಿಟ್ಟ ಗೋಲಿಗೂ ನಾಲ್ಕರ ಫರಕು. ಇದಕ್ಕೆ ಹಳೆಯ ಮದ್ದುಂಟು: ಫರಕನ್ನು ಅರ್ಧ ಮಾಡು, ಅಷ್ಟೇ ಮೊತ್ತ ತಪ್ಪು ಬದಿಗೆ ಬಿದ್ದಿದೆಯೇ ನೋಡು. ಎರಡು ಗೋಲಿನ ಅಂತರದ ಪಂದ್ಯಗಳನ್ನಷ್ಟೇ ಹುಡುಕಿದೆ. ಒಂದು ಪುಟದಲ್ಲಿ 3-1 ಎಂಬುದು 1-3 ಆಗಿತ್ತು. ಸಿಕ್ಕಿತು.

ಆದರೆ ತಾಳೆಪಟ್ಟಿಗೆ ಸಿಗದ ತಪ್ಪೂ ಒಂದಿದೆ. ಕಿರ್ದಿಯಲ್ಲೇ ಫಲಿತಾಂಶ ತಿರುವುಮುರುವಾಗಿ, ಅದೇ ಎರಡೂ ಪುಟಕ್ಕೆ ಹೋದರೆ ಒಟ್ಟು ಮೊತ್ತ ಚೆಂದಾಗಿ ಹೊಂದುತ್ತದೆ, ಲೆಕ್ಕ ಮಾತ್ರ ಸುಳ್ಳು. ಅಂಥದ್ದು ನನ್ನಲ್ಲಿ ಮೂರು ಇದ್ದವು. ಪ್ರತಿ ತಂಡದ ಕೊನೆಯ ಸಾಲನ್ನು ಅಚ್ಚಾದ ಅಂಕಪಟ್ಟಿಗೆ ಹಿಡಿದು ನೋಡಿದಾಗಲೇ ಗೊತ್ತಾದದ್ದು. ನಮ್ಮ ಸಂಘದಲ್ಲಿ ಆಡಿಟರ್ ಬಂದಾಗ ನಾನು ಬೆವರುತ್ತಿದ್ದುದು ಇಂಥ ತಪ್ಪಿಗೇ.

ಪಟ್ಟಿಯ ತಲೆಯಲ್ಲೂ ಒಂದು ಸ್ವಾರಸ್ಯವಿದೆ. ಲಿಂಕನ್ ಸಿಟಿ 57, ಗೇಟ್ಸ್‌ಹೆಡ್ 57. ಮೇಲಿನ ಡಿವಿಷನ್ನಿಗೆ ಹೋಗುವುದು ಒಂದೇ ತಂಡ. ಪಾಯಿಂಟು ಸಮವಾದರೆ ಆಗ ಹೊಡೆದ ಗೋಲಿನಿಂದ ಬಿಟ್ಟ ಗೋಲನ್ನು ಕಳೆಯುತ್ತಿರಲಿಲ್ಲ, ಹೊಡೆದದ್ದನ್ನು ಬಿಟ್ಟದ್ದರಿಂದ ಭಾಗಿಸುತ್ತಿದ್ದರು. ಲಿಂಕನ್ 106ಕ್ಕೆ 47, ಅಂದರೆ 2.255. ಗೇಟ್ಸ್‌ಹೆಡ್ 94ಕ್ಕೆ 48, ಅಂದರೆ 1.958. ಲಿಂಕನ್ ಮೇಲೆ ಹೋಯಿತು. ಭಾಗಾಕಾರದ ಗುಣ ನೋಡಿ: ಗೇಟ್ಸ್‌ಹೆಡ್ ಲಿಂಕನ್ನನ್ನು ದಾಟಬೇಕಿದ್ದರೆ ಇನ್ನೂ 15 ಗೋಲು ಹೊಡೆಯಬೇಕಿತ್ತು, ಇಲ್ಲವೇ ಬರೀ 7 ಗೋಲು ಕಡಿಮೆ ಬಿಡಬೇಕಿತ್ತು. ಆದಾಯ ಹೆಚ್ಚಿಸುವುದಕ್ಕಿಂತ ಖರ್ಚು ಉಳಿಸುವುದಕ್ಕೆ ಎರಡು ಪಟ್ಟು ಬೆಲೆ. 1976ರಲ್ಲಿ ಈ ಪದ್ಧತಿ ಬಿಟ್ಟು ಕಳೆಯುವುದಕ್ಕೆ ಬಂದರಂತೆ. ನನಗೆ ಹಳೆಯದೇ ಇಷ್ಟ. ಇಂದಿನ ಹಾಗೆ ಗೆಲುವಿಗೆ ಮೂರು ಪಾಯಿಂಟು ಕೊಟ್ಟೂ ನೋಡಿದೆ: ಲಿಂಕನ್ 26 ಗೆಲುವು 5 ಡ್ರಾ, 83. ಗೇಟ್ಸ್‌ಹೆಡ್ 25 ಗೆಲುವು 7 ಡ್ರಾ, 82. ಒಂದೇ ಪಾಯಿಂಟು! ರಾಚ್‌ಡೇಲ್‌ಗೆ 15 ಸಿಗುತ್ತಿತ್ತು, ಅದರಿಂದ ಉಪಯೋಗವೇನೂ ಇರಲಿಲ್ಲ.

ರಾಚ್‌ಡೇಲ್ ಪುಟ ಮೊದಲಿಂದಲೂ ಕೆಟ್ಟಿರಲಿಲ್ಲ. ನಾಲ್ಕಕ್ಕೆ ನಾಲ್ಕೂ ಗೆಲುವು ನವೆಂಬರ್ 7ರ ಒಳಗೇ ಇವೆ, ಕೊನೆಯದು ನ್ಯೂ ಬ್ರೈಟನ್ ವಿರುದ್ಧ 3-2. ನವೆಂಬರ್ 14ರಿಂದ ಖರ್ಚಿನ ಬದಿ ಮಾತ್ರ. ಮಾರ್ಚ್ 12ರವರೆಗೆ 17 ಸೋಲು, ಒಂದರ ಕೆಳಗೊಂದು. ಬರೆಯುವಾಗ ಕೈ ತಾನಾಗಿಯೇ 'ಸೋ' ಎಂದು ಬರೆಯಲು ಹೊರಡುತ್ತಿತ್ತು, ಫಲಿತಾಂಶ ನೋಡುವ ಮೊದಲೇ. ಮುಂದಿನ ಶನಿವಾರ ಅದೇ ನ್ಯೂ ಬ್ರೈಟನ್ ಜೊತೆ 1-1. ಆ ಒಂದು ಪಾಯಿಂಟನ್ನು ಜಮಾ ಬದಿಗೆ ಹಾಕಿದಾಗ ಲೈಬ್ರರಿಯಲ್ಲಿ ಗಟ್ಟಿಯಾಗಿ 'ಅಬ್ಬ' ಎಂದುಬಿಟ್ಟೆ. ಪಕ್ಕದವರು ತಿರುಗಿ ನೋಡಿದರು.

ಆ ಡ್ರಾ ಒಂದು ವಾರ ತಡವಾಗಿದ್ದರೆ 18 ಆಗುತ್ತಿತ್ತು. ಲೀಗಿನಲ್ಲಿ ಸತತ 18 ಸೋಲಿನ ದಾಖಲೆ 1898-99ರಷ್ಟು ಹಿಂದಿನದು, ಅದು ಗಾಂಧೀಜಿ ಬಂದುಹೋದ ಡಾರ್ವೆನ್ ಊರಿನ ತಂಡದ್ದು. ಅವರು ಆ ವರ್ಷ 34 ಪಂದ್ಯದಲ್ಲಿ 141 ಗೋಲು ಬಿಟ್ಟು ಲೀಗಿನಿಂದಲೇ ಹೊರಬಿದ್ದರು.

ರಾಚ್‌ಡೇಲ್ ಹೊರಬೀಳಲಿಲ್ಲ. ಕೊನೆಯಲ್ಲಿದ್ದವರು ಉಳಿಯಬೇಕಾದರೆ ಉಳಿದ ಕ್ಲಬ್ಬುಗಳ ಮತ ಕೇಳಬೇಕಿತ್ತು. ಥೇಟ್ ನಮ್ಮ ಸಂಘಗಳ ಚುನಾವಣೆಯ ಹಾಗೆ, ಮುಖ ನೋಡಿ ಮತ. ಹಿಂದಿನ ವರ್ಷ ನೆಲ್ಸನ್ ಕ್ಲಬ್ಬನ್ನು ಹೊರಗಟ್ಟಿ ಚೆಸ್ಟರ್‌ನನ್ನು ಒಳಗೆ ಬಿಟ್ಟಿದ್ದವರು ಈ ಸಲ ರಾಚ್‌ಡೇಲನ್ನು ಉಳಿಸಿದರು. ಐದು ವರ್ಷದ ಹಿಂದಷ್ಟೇ ಇದೇ ತಂಡ ಎರಡನೇ ಸ್ಥಾನದಲ್ಲಿತ್ತು, ಬರ್ಟ್ ವೈಟ್‌ಹರ್ಸ್ಟ್ ಒಬ್ಬರೇ 44 ಗೋಲು ಹೊಡೆದಿದ್ದರು. ಇಡೀ ತಂಡ ಸೇರಿ 48 ಹೊಡೆದ ವರ್ಷದ ಪಕ್ಕ ಅದನ್ನಿಟ್ಟು ನೋಡಿ.

ಮೇ ತಿಂಗಳ ಕೊನೆಯ ಪಂದ್ಯ ಬರೆದು, ಎರಡು ಗೆರೆ ಎಳೆದು ಪುಸ್ತಕ ಮುಚ್ಚಿದೆ. ರಾತ್ರಿ ನೆನಪಾಯಿತು: ನವೆಂಬರ್ 14ರಿಂದ ಶುರುವಾದ, ಒಂದೂ ಗೆಲುವಿಲ್ಲದ ಆ ಖಾತೆ ಇನ್ನೂ ಚುಕ್ತಾ ಆಗಿಲ್ಲವಲ್ಲ. ಬೆಳಿಗ್ಗೆ ಮತ್ತೆ ಲೈಬ್ರರಿಗೆ ಹೋಗಿ 1932ರ ಆಗಸ್ಟ್ ಸುರುಳಿ ಕೇಳಿದೆ. ಹೊಸ ಪುಟ ತೆಗೆದು 'ಹಿಂದಿನ ಪುಟದಿಂದ ತಂದದ್ದು' ಎಂದು ಬರೆದು ಮುಂದುವರಿಸಿದೆ. ಆಗಸ್ಟ್ 29ಕ್ಕೆ ಗೆಲುವಿಲ್ಲದ ಪಂದ್ಯ 28 ಆಯಿತು. ಅದರ ಮುಂದಿನದನ್ನು ಗೆದ್ದಿದ್ದರು. ಅಲ್ಲಿಗೆ ಮತ್ತೆರಡು ಗೆರೆ ಎಳೆದೆ.