ಬೆಟ್ಟ ಕಡಿಮೆ, ಕೆಸರು ಹೆಚ್ಚು: ನಾರ್ತ್‌ವಿಲ್–ಪ್ಲ್ಯಾಸಿಡ್ ಹಾದಿಗೆ ಸಿದ್ಧವಾಗುವುದು ಹೇಗೆ?

ಒದ್ದೆ ಬೂಟಿನಿಂದಲೇ ಶುರು ಮಾಡೋಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಹಬ್ಬಿರುವ ಅಡಿರಾಂಡಾಕ್ ಕಾಡಿನಲ್ಲಿ ನಾರ್ತ್‌ವಿಲ್‌ನಿಂದ ಲೇಕ್ ಪ್ಲ್ಯಾಸಿಡ್‌ವರೆಗೆ ಸಾಗುವ ಈ ಹಾದಿಯಲ್ಲಿ, ಎರಡನೆಯ ದಿನದ ಹೊತ್ತಿಗೆ ಬೂಟು ನೆನೆದಿರುತ್ತದೆ. ಆಮೇಲೆ ಅದು ಒಣಗುವುದು ಮನೆಗೆ ಹೋದ ಮೇಲೆಯೇ. ಉದ್ದ ಸುಮಾರು 220 ಕಿ.ಮೀ. ಅತಿ ಎತ್ತರದ ಜಾಗವೂ 3,000 ಅಡಿಯ ಆಸುಪಾಸು, ಅಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟು. ಇದನ್ನು ಕೇಳಿ ‘ಇಷ್ಟೇನಾ’ ಎಂದು ಹೊರಟವರಲ್ಲಿ ನಾನೂ ಒಬ್ಬ. ಇಲ್ಲಿ ಸುಸ್ತು ಮಾಡುವುದು ಏರು ಅಲ್ಲ. ನೀರು ಮತ್ತು ಬೆನ್ನ ಮೇಲಿನ ಹೊರೆ.

1922ರಲ್ಲಿ ಹುಟ್ಟಿದ ಅಡಿರಾಂಡಾಕ್ ಮೌಂಟನ್ ಕ್ಲಬ್ ಕೈಗೆತ್ತಿಕೊಂಡ ಮೊದಲ ಕೆಲಸವೇ ಈ ಹಾದಿ. ಶಿಖರಗಳ ಗೊಡವೆಗೆ ಹೋಗದೆ ಕಣಿವೆ, ಕೆರೆ, ಜೌಗುಗಳ ಅಂಚಿನಲ್ಲೇ ಅದನ್ನು ಎಳೆದರು. ನೀಲಿ ಬಿಲ್ಲೆಗಳನ್ನು ಮರಕ್ಕೆ ಹೊಡೆದಿದ್ದಾರೆ. ಅವನ್ನು ನೋಡುತ್ತಾ ನಡೆಯಬೇಕು.

ಮೊದಲು ತಿಂಗಳನ್ನು ಆರಿಸಿ

ಮೇ ಕೊನೆಯಿಂದ ಜುಲೈ ಮೊದಲ ವಾರಗಳವರೆಗೆ ಬೇಡವೇ ಬೇಡ. ಬ್ಲ್ಯಾಕ್ ಫ್ಲೈ ಎಂಬ ನೊರಜಿನಂಥ ಹುಳು ಕಿವಿಯ ಹಿಂದೆ, ಕತ್ತಿನ ಸುತ್ತ ಕಚ್ಚಿ ರಕ್ತ ಬರಿಸುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯದು. ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ರಾತ್ರಿ ಚಳಿ ಗಟ್ಟಿಯಾಗುತ್ತದೆ, ಮಲಗುವ ಚೀಲ ಬೆಚ್ಚಗಿರಲಿ. ದಿನಕ್ಕೆ 15ರಿಂದ 20 ಕಿ.ಮೀ. ಎಂದು ಹಿಡಿದರೆ ಹನ್ನೆರಡು, ಹದಿಮೂರು ದಿನ ಬೇಕು. ರಜೆ ಅಷ್ಟಿಲ್ಲದವರು ಲಾಂಗ್ ಲೇಕ್‌ನಿಂದ ಲೇಕ್ ಪ್ಲ್ಯಾಸಿಡ್‌ವರೆಗಿನ ಸುಮಾರು 60 ಕಿ.ಮೀ. ಮಾತ್ರ ನಡೆಯಬಹುದು, ನಡುವೆ ಒಂದೇ ಒಂದು ರಸ್ತೆ ಅಡ್ಡ ಬರುವುದಿಲ್ಲ.

ಬುತ್ತಿಯ ಲೆಕ್ಕ

ಹದಿಮೂರು ದಿನದ ಊಟವನ್ನು ಹೊತ್ತು ನಡೆಯುವವನಿಗೆ ಹಾದಿ ಕಾಣುವುದಿಲ್ಲ, ಅವನ ಪಾದ ಮಾತ್ರ ಕಾಣುತ್ತದೆ. ಆದ್ದರಿಂದ ಹಾದಿಗೆ ಹತ್ತಿರವಿರುವ ಪಿಸೆಕೋ, ಬ್ಲೂ ಮೌಂಟನ್ ಲೇಕ್, ಲಾಂಗ್ ಲೇಕ್ ಊರುಗಳ ಅಂಚೆ ಕಚೇರಿಗಳಿಗೆ ಮುಂಚೆಯೇ ಪೆಟ್ಟಿಗೆ ಕಳಿಸುವುದು ರೂಢಿ. ನಿಮ್ಮ ಹೆಸರು, ಅದರ ಕೆಳಗೆ ‘ಜನರಲ್ ಡೆಲಿವರಿ’ (ನೀವು ಬಂದು ಪಡೆಯುವವರೆಗೆ ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳಿ ಎಂಬ ಸೂಚನೆ), ಊರು, ಪಿನ್ ಸಂಖ್ಯೆ, ಬರುವ ಅಂದಾಜು ದಿನಾಂಕ ಬರೆಯಿರಿ. ಹಳ್ಳಿಯ ಅಂಚೆ ಕಚೇರಿ ತೆರೆದಿರುವ ಗಂಟೆಗಳನ್ನು ಫೋನ್ ಮಾಡಿ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ. ಶನಿವಾರ ಮಧ್ಯಾಹ್ನ ತಲುಪಿ, ಗಾಜಿನ ಬಾಗಿಲಿನ ಆಚೆ ಎಲ್ಲೋ ಇರುವ ನನ್ನ ಚಟ್ನಿಪುಡಿಯನ್ನು ನೆನೆಯುತ್ತಾ ಸೋಮವಾರದವರೆಗೆ ಕಾದೆ.

ದಿನಕ್ಕೆ ಒಬ್ಬರಿಗೆ 700–800 ಗ್ರಾಂ ಒಣ ಆಹಾರ ಸಾಕು. ನಮ್ಮ ಅಡುಗೆಮನೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ದಪ್ಪ ಅವಲಕ್ಕಿಯನ್ನು ತರಿಯಾಗಿ ಪುಡಿಮಾಡಿ, ಒಣ ಪುಳಿಯೋಗರೆ ಪುಡಿ, ಬೆಲ್ಲ, ಒಣಕೊಬ್ಬರಿ, ಕಡಲೆಕಾಯಿಯ ಒಗ್ಗರಣೆ ಬೆರೆಸಿ ಒಂದೊಂದು ಊಟಕ್ಕೆ ಒಂದೊಂದು ಪೊಟ್ಟಣ ಕಟ್ಟಿ. ಕುದಿಯುವ ನೀರು ಸುರಿದು, ಮುಚ್ಚಿ, ಪಾತ್ರೆಯನ್ನು ಉಣ್ಣೆಯ ಟೋಪಿಯೊಳಗೆ ಹತ್ತು ನಿಮಿಷ ಕೂರಿಸಿದರೆ ಗೊಜ್ಜವಲಕ್ಕಿ ಸಿದ್ಧ. ಒಲೆಯ ಗ್ಯಾಸೂ ಉಳಿಯುತ್ತದೆ. ಒಂದು ಎಚ್ಚರಿಕೆ: ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಇಳಿದ ಮೇಲೆಯೇ ಕೊಳ್ಳಬೇಕು.

ಆ ಒಗ್ಗರಣೆಯ ವಾಸನೆ ಕರಡಿಗೂ ಇಷ್ಟ. ತಿನ್ನುವುದು, ಹಲ್ಲುಜ್ಜುವ ಪೇಸ್ಟ್, ಸೋಪು ಎಲ್ಲವನ್ನೂ ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಗೆ ಹಾಕಿ, ರಾತ್ರಿ ಮಲಗುವ ಜಾಗದಿಂದ ದೂರ ಇಡಿ.

ನೀರು ದಾಟುವಾಗ

ಬೀವರ್ ಎಂಬ, ದೊಡ್ಡ ಹೆಗ್ಗಣದಂಥ ನೀರುಪ್ರಾಣಿಗಳು ರಾತ್ರೋರಾತ್ರಿ ಕೊಂಬೆ, ಕೆಸರು ತುಂಬಿ ಕಟ್ಟೆ ಕಟ್ಟಿ ಹಾದಿಯನ್ನೇ ಮುಳುಗಿಸಿಬಿಡುತ್ತವೆ. ನಕ್ಷೆಯಲ್ಲಿ ನೆಲವಿರುವ ಕಡೆ ಕೆರೆ ಎದುರಾಗುತ್ತದೆ. ಆಗ ಆ ಕಟ್ಟೆಯೇ ಸೇತುವೆ. ಮೊದಲು ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಕಟ್ಟೆಯ ನೆತ್ತಿಯ ಮೇಲಲ್ಲ, ನೀರು ಹರಿದುಹೋಗುವ ಇಳಿಜಾರಿನ ಬದಿಗೆ ಒಂದಡಿ ಕೆಳಗೆ ಕಾಲಿಡಿ. ಪ್ರತಿ ಹೆಜ್ಜೆಗೂ ಕೋಲು ಚುಚ್ಚಿ, ಒತ್ತಿ, ಆಮೇಲೆ ಭಾರ ಬಿಡಿ. ಸಿಪ್ಪೆ ಸುಲಿದ ಬಿಳಿ ಕೊಂಬೆ ಸೋಪಿನಂತೆ ಜಾರುತ್ತದೆ. ಹರಿಯುವ ಹೊಳೆ ಮಳೆಗೆ ಉಬ್ಬಿದ್ದರೆ ಸಾಹಸ ಬೇಡ. ಅರ್ಧ ದಿನ ಕಾಯಿರಿ.

ಒಣಕಾಲುಚೀಲ ಒಂದು ಜೊತೆಯನ್ನು ರಾತ್ರಿಗೆಂದೇ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ಏನೇ ಆದರೂ ಅದನ್ನು ಹಗಲು ಹಾಕಬೇಡಿ.

ಕುಡಿಯುವ ನೀರಿಗೆ ಬರವಿಲ್ಲ, ಆದರೆ ಬಣ್ಣ ಚಹಾದಂತಿರುತ್ತದೆ. ಜೌಗಿನ ಎಲೆಗಳಿಂದ ಬಂದ ಬಣ್ಣ ಅದು, ಹೆದರಬೇಕಿಲ್ಲ. ಹೆದರಬೇಕಾದದ್ದು ಕಣ್ಣಿಗೆ ಕಾಣದ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ರೋಗಾಣುವಿಗೆ. ಫಿಲ್ಟರ್ ಮಾಡದೆ ಅಥವಾ ಕುದಿಸದೆ ಗುಟುಕೂ ಕುಡಿಯಬೇಡಿ.

ಮಲಗುವುದು ಎಲ್ಲಿ?

ಕೆರೆದಂಡೆಗಳಲ್ಲಿ ಅಲ್ಲಲ್ಲಿ ‘ಲೀನ್‌-ಟು’ಗಳಿವೆ: ಮರದ ದಿಮ್ಮಿಯ ಮೂರು ಗೋಡೆ, ಇಳಿಜಾರು ಮಾಡು, ಮುಂಭಾಗ ಬಯಲು. ನಮ್ಮ ಹಳ್ಳಿಯ ಬಸ್ ತಂಗುದಾಣ ನೆನಪಾಗುತ್ತದೆ. ಬಾಡಿಗೆ ಇಲ್ಲ, ಕಾಯ್ದಿರಿಸುವಂತಿಲ್ಲ, ತಡವಾಗಿ ಬಂದವರಿಗೂ ಜಾಗ ಬಿಡಬೇಕು. ತುಂಬಿದ್ದರೆ ಎಂದು ಸಣ್ಣ ಟೆಂಟ್ ಇರಲೇಬೇಕು. ಗುರುತು ಹಾಕಿದ ಜಾಗ ಸಿಗದಿದ್ದರೆ ಹಾದಿಯಿಂದಲೂ ನೀರಿನಿಂದಲೂ ಕನಿಷ್ಠ 150 ಅಡಿ ದೂರ ಟೆಂಟ್ ಹೂಡಬೇಕೆಂಬುದು ನಿಯಮ. ಸೀಡರ್ ಲೇಕ್ಸ್ ಬಳಿಯೊಂದು ರಾತ್ರಿಯನ್ನು ಉಳಿಸಿಕೊಳ್ಳಿ. ಕತ್ತಲಾದ ಮೇಲೆ ಲೂನ್ ಹಕ್ಕಿ ಕೂಗಿದರೆ ಮೈ ಜುಮ್ಮೆನ್ನುತ್ತದೆ. ಮೊದಲ ಸಲ ಯಾರೋ ಅಳುತ್ತಿದ್ದಾರೆಂದು ಎದ್ದು ಕುಳಿತಿದ್ದೆ.

ಕೊನೆಯ ಭಾಗದ ಕೋಲ್ಡ್ ರಿವರ್ ದಂಡೆಯಲ್ಲಿ ನೋವಾ ಜಾನ್ ರೊಂಡೋ ಎಂಬ ಏಕಾಂತವಾಸಿ 1950ರವರೆಗೆ ವಾಸವಾಗಿದ್ದ. ತನ್ನ ಗುಡಿಸಲುಗಳಿಗೆ ‘ಕೋಲ್ಡ್ ರಿವರ್ ಸಿಟಿ, ಜನಸಂಖ್ಯೆ 1’ ಎಂದು ಹೆಸರಿಟ್ಟು, ತಾನೇ ಅದರ ಮೇಯರ್ ಎನ್ನುತ್ತಿದ್ದ. ಮುಂದೆ ಡಕ್ ಹೋಲ್ ಸಿಗುತ್ತದೆ. ಹಳೆಯ ಚಿತ್ರಗಳಲ್ಲಿ ಅದು ತುಂಬು ಕೊಳ. 2011ರ ಐರೀನ್ ಬಿರುಗಾಳಿಯ ಮಳೆಗೆ ಅಣೆಕಟ್ಟು ಒಡೆದು ಈಗ ಬಹುಪಾಲು ಬರಿದು.

ಹೊರಡುವ ಮೊದಲೇ ವಾಪಸಿನ ವಾಹನ ಗೊತ್ತುಮಾಡಿಕೊಳ್ಳಿ. ಹಾದಿ ಮುಗಿಯುವುದು ಲೇಕ್ ಪ್ಲ್ಯಾಸಿಡ್ ಪೇಟೆಯಲ್ಲಲ್ಲ, ಊರಾಚೆಯ ಏವರಿವಿಲ್ ರಸ್ತೆಯ ಬದಿಯಲ್ಲಿ. ಕಾರನ್ನು ಅಲ್ಲೇ ನಿಲ್ಲಿಸಿ, ಬಾಡಿಗೆ ಗಾಡಿಯಲ್ಲಿ ನಾರ್ತ್‌ವಿಲ್‌ಗೆ ಹೋಗಿ ನಡಿಗೆ ಶುರುಮಾಡುವುದು ಜಾಣತನ. ಡಿಕ್ಕಿಯಲ್ಲಿ ಒಂದು ಜೊತೆ ಒಣ ಚಪ್ಪಲಿ ಇಟ್ಟಿರಿ.