ಎಷ್ಟನೇ ಪ್ಲೇಸ್ ಅಂತಲ್ಲ, ಎಷ್ಟು ಲೆಂಗ್ತ್ ಅಂತ ನೋಡಿ
ಬೆಂಗಳೂರು, ಮೈಸೂರಿನ ಕುದುರೆ ರೇಸ್ ನೋಡೋರಿಗೆ ಒಂದು ಟಿಪ್, ಹ್ಯಾಂಡಿಕ್ಯಾಪ್ ರೇಸಲ್ಲಿ (ಚೆನ್ನಾಗಿ ಓಡೋ ಕುದುರೆಗೆ ಹೆಚ್ಚು ತೂಕ ಹೊರಿಸೋ ರೇಸ್) ಮೊದಲೇ ಒಟ್ಟಿಗೆ ಓಡಿರೋ ಎರಡು ಕುದುರೆ ಮತ್ತೆ ಬಂದಿದ್ರೆ, ಹೋದ ಸಲ ಯಾವುದು ಗೆಲ್ತು ಅನ್ನೋದು ಬಿಡಿ, ಎಷ್ಟು ಲೆಂಗ್ತ್ (ಒಂದು ಲೆಂಗ್ತ್ ಅಂದ್ರೆ ಒಂದು ಕುದುರೆಯ ಉದ್ದ) ಅಂತರ ಇತ್ತು, ಈಗ ತೂಕ ಎಷ್ಟು ಬದಲಾಗಿದೆ ಅದನ್ನ ಲೆಕ್ಕ ಹಾಕಿ. 1200 ಮೀಟರ್‌ಗೆ ಒಂದು ಲೆಂಗ್ತ್ ಅಂದ್ರೆ ಸುಮಾರು ಒಂದೂವರೆ ಕೆಜಿ ತೂಕಕ್ಕೆ ಸಮ, 1600ಕ್ಕೆ ಹೆಚ್ಚುಕಮ್ಮಿ ಒಂದು ಕೆಜಿ, 2400ಕ್ಕೆ ಅರ್ಧ ಕೆಜಿ. ಉದಾಹರಣೆಗೆ 1200ರಲ್ಲಿ ಎರಡೂ 56 ಕೆಜಿ ಹೊತ್ತು ಒಂದು ಕುದುರೆ 2 ಲೆಂಗ್ತಲ್ಲಿ ಗೆದ್ದಿತ್ತು ಅಂದ್ಕೊಳ್ಳಿ, ಈಗ ಗೆದ್ದಿದ್ದಕ್ಕೆ 59, ಸೋತಿದ್ದಕ್ಕೆ 54.5 ಇದ್ರೆ ಒಟ್ಟು ನಾಲ್ಕೂವರೆ ಕೆಜಿ ವ್ಯತ್ಯಾಸ, ಅಂದ್ರೆ 3 ಲೆಂಗ್ತ್, ಕಾಗದದ ಮೇಲೆ ಸೋತಿದ್ದೇ ಈಗ ಒಂದು ಲೆಂಗ್ತ್ ಮುಂದೆ! ಗೆದ್ದ ಕುದುರೆಗೆ ರೇಟಿಂಗ್ (ಓಟ ನೋಡಿ ಕೊಡೋ ಅಂಕ) ಏರುತ್ತೆ, ಅದರ ಜೊತೆ ತೂಕನೂ ಏರುತ್ತೆ, ಆದ್ರೆ ಜನ ಹೋದ ಸಲ ಗೆದ್ದಿದ್ದರ ಹಿಂದೇನೇ ಓಡ್ತಾರೆ, ಹಾಗಾಗಿ ಇನ್ನೊಂದರ ಬೆಟ್ಟಿಂಗ್ ರೇಟ್ ಎಷ್ಟೋ ಸಲ ಚೆನ್ನಾಗಿ ಸಿಗುತ್ತೆ. ಅಪ್ರೆಂಟಿಸ್ (ಇನ್ನೂ ಕಲೀತಿರೋ) ಜಾಕಿ ಇದ್ರೆ ಅವರಿಗೆ ಸಿಗೋ ತೂಕದ ರಿಯಾಯಿತಿ, ಅಂದ್ರೆ ಅಲವೆನ್ಸ್, ಕಳೆದೇ ತೂಕ ಹಿಡೀಬೇಕು, ಇದನ್ನ ತುಂಬಾ ಜನ ಮರೀತಾರೆ. ಈ ಲೆಕ್ಕ ಕೆಲಸ ಮಾಡದೇ ಇರೋದು ಯಾವಾಗ ಅಂದ್ರೆ, ಗೆದ್ದ ಕುದುರೆನ ಜಾಕಿ ಕೊನೇಲಿ ಪೂರ್ತಿ ಓಡಿಸದೆ ಸುಮ್ನೆ ಹಿಡಿದು ತಂದಿದ್ರೆ (ವೀಡಿಯೊ ನೋಡ್ಲೇಬೇಕು, ಆ 2 ಲೆಂಗ್ತ್ ನಿಜವಾಗ್ಲೂ 4 ಇರಬಹುದು), ದೂರ ಬದಲಾಗಿದ್ರೆ, ಮಳೆ ಬಂದು ಟ್ರ್ಯಾಕ್ ಮೆತ್ತಗಾಗಿದ್ರೆ, ಇಲ್ಲಾ ಕುದುರೆ ತಿಂಗಳುಗಟ್ಟಲೆ ಓಡದೇ ಬಂದಿದ್ರೆ. ಇನ್ನೂ ಬೆಳೀತಿರೋ 3 ವರ್ಷದ ಕುದುರೆಗಳಿಗಂತೂ ನಾನು ಇದನ್ನ ಹಾಕೋದೇ ಇಲ್ಲ.