ಫೋನ್ ಕಿತ್ಕೊಳ್ದೆ ಮಕ್ಳ ಫೀಡ್ ಸರಿ ಮಾಡೋದು ಹೇಗೆ

ಮಗು ಮಂಕಾಗಿದೆ, ಮಾತಾಡ್ಸಿದ್ರೆ ಸಿಡುಕುತ್ತೆ, ಯಾವಾಗ್ಲೂ ಫೋನಲ್ಲೇ ಇರುತ್ತೆ ಅಂದ್ರೆ ನಮ್ಗೆ ಮೊದ್ಲು ಹೊಳೆಯೋದೇ ಫೋನ್ ಕಿತ್ಕೊಳ್ಳೋದು. ದಯವಿಟ್ಟು ಮೊದ್ಲ ದಿನಾನೇ ಹಾಗೆ ಮಾಡ್ಬೇಡಿ. ಕಿತ್ಕೊಂಡ್ರೆ ಅದು ಏನ್ ನೋಡ್ತಿತ್ತು ಅಂತ ನಿಮ್ಗೆ ಗೊತ್ತಾಗಲ್ಲ, ನಾಳೆ ಏನಾದ್ರೂ ಕೆಟ್ಟದ್ದು ಕಂಡ್ರೆ ನಿಮ್ಹತ್ರ ಬಂದು ಹೇಳೋದೂ ಇಲ್ಲ.

ಫೀಡು, ಅಂದ್ರೆ ಆಪ್ ತಾನೇ ಆರಿಸಿ ಒಂದರ ಹಿಂದೆ ಒಂದು ತೋರಿಸೋ ರೀಲು, ಪೋಸ್ಟುಗಳ ಸಾಲು, ಬರೀ ಲೈಕ್ ನೋಡಿ ನಡಿಯಲ್ಲ. ಯಾವ ರೀಲ್ ಮೇಲೆ ಎಷ್ಟು ಹೊತ್ತು ನಿಂತ್ರಿ, ಯಾವುದನ್ನ ಎರಡನೇ ಸಲ ನೋಡಿದ್ರಿ, ಎಲ್ಲಾ ಲೆಕ್ಕ ಇಡುತ್ತೆ. ಬೇಜಾರಲ್ಲಿರೋ ಮಗು ಬೇಜಾರಿನ ರೀಲ್ ಮೇಲೆ ನಾಲ್ಕು ಸೆಕೆಂಡ್ ಜಾಸ್ತಿ ನಿಂತ್ರೆ ಆಪ್ ಅದನ್ನ ಇಷ್ಟ ಅಂತ್ಲೇ ತಿಳ್ಕೊಂಡು ಅಂಥದ್ದೇ ಇನ್ನೂ ಹತ್ತು ತಂದು ಸುರಿಯುತ್ತೆ. ಲಂಡನ್ನಿನ ಮಾಲಿ ರಸೆಲ್ ಅನ್ನೋ ಹುಡುಗಿ 2017ರಲ್ಲಿ ಜೀವ ಕಳ್ಕೊಂಡಾಗ ಅವಳಿಗೆ 14 ವರ್ಷ. ಅದಕ್ಕಿಂತ ಮುಂಚಿನ 6 ತಿಂಗಳಲ್ಲಿ ಇನ್‌ಸ್ಟಾಗ್ರಾಮಲ್ಲಿ ಅವಳು ಲೈಕ್, ಸೇವ್, ಶೇರ್ ಮಾಡಿದ್ದ 16,300 ಪೋಸ್ಟಲ್ಲಿ 2,100 ಖಿನ್ನತೆ, ಆತ್ಮಹತ್ಯೆ ಇಂಥವೇ ಆಗಿದ್ವು. 2022ರಲ್ಲಿ ವಿಚಾರಣೆ ಮುಗಿದಾಗ, ಖಿನ್ನತೆ ಜೊತೆಗೆ ಆನ್‌ಲೈನ್ ಕಂಟೆಂಟೂ ಅವಳ ಸಾವಿಗೆ ಕಾರಣ ಅಂತ ಕೊರೋನರ್ (ಸಾವಿನ ಕಾರಣ ವಿಚಾರಿಸೋ ಅಧಿಕಾರಿ) ಹೇಳಿದ್ರು.

ಹಾಗಾಗಿ ಮೊದ್ಲು ಪಕ್ಕದಲ್ಲಿ ಕೂತು ನೋಡಿ. ನಾನು ಅಕ್ಕನ ಮಗಳಿಗೆ ಮೊದ್ಲು ನನ್ನ ಫೋನೇ ಕೊಟ್ಟೆ, ನನ್ನ ಫೀಡ್ ನೋಡಿ ಸಾಕಷ್ಟು ನಕ್ಕಾದ್ಮೇಲೆ ಅವಳದ್ದು ತೋರಿಸಿದ್ಲು. ಇಬ್ರೂ ಸೇರಿ ಇಪ್ಪತ್ತು ರೀಲ್ ಎಣಿಸಿದ್ವಿ. ಡ್ಯಾನ್ಸು, ಬೆಕ್ಕು, ಮೇಕಪ್ಪು, ಆಮೇಲೆ ಮಳೆ ಬೀಳ್ತಿರೋ ಕಿಟಕಿ, ಅದ್ರ ಮೇಲೆ ‘ನಾನಿಲ್ದಿದ್ರೂ ಯಾರಿಗೂ ಗೊತ್ತಾಗಲ್ಲ’ ಅಂತ ಅಕ್ಷರ. ಇಪ್ಪತ್ತರಲ್ಲಿ ಅಂಥವು ಏಳು ಇದ್ವು. ಒಂದೊಂದು ಬಂದಾಗ್ಲೂ ಅವಳ ಹೆಬ್ಬೆರಳು ಅಲ್ಲೇ ನಿಲ್ತಿತ್ತು, ಅದು ಅವಳಿಗೇ ಗೊತ್ತಿರ್ಲಿಲ್ಲ. ಇಲ್ಲಿ ಬುದ್ಧಿ ಹೇಳೋಕೆ ಹೋಗ್ಬೇಡಿ, ‘ಇದು ನೋಡಿದ್ಮೇಲೆ ಹೇಗನ್ಸುತ್ತೆ’ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ನಿರಿ, ಉತ್ತರ ಬರೋಕೆ ಟೈಮ್ ಹಿಡಿಯುತ್ತೆ.

ಆಮೇಲೆ ಕ್ಲೀನ್ ಮಾಡಿ, ಆದ್ರೆ ಬಟನ್ ಒತ್ತೋ ಬೆರಳು ಮಗೂದೇ ಆಗಿರ್ಲಿ. ಇನ್‌ಸ್ಟಾಗ್ರಾಮ್ ಸೆಟ್ಟಿಂಗ್ಸಲ್ಲಿ ಕಂಟೆಂಟ್ ಪ್ರಿಫರೆನ್ಸಸ್ ಒಳಗೆ ಸಜೆಸ್ಟೆಡ್ ಕಂಟೆಂಟ್ ರೀಸೆಟ್ ಮಾಡೋ ಆಪ್ಷನ್ ಇದೆ, ಬೇಡದ ಪದಗಳನ್ನ ಹಾಕಿ ಆ ಥರದ ಪೋಸ್ಟ್ ಬರದ ಹಾಗೂ ಮಾಡ್ಬೋದು. ಯೂಟ್ಯೂಬಲ್ಲಿ ಮೂರು ಚುಕ್ಕಿ ಒತ್ತಿ ‘ನಾಟ್ ಇಂಟರೆಸ್ಟೆಡ್’ ಇಲ್ಲಾ ‘ಡೋಂಟ್ ರೆಕಮೆಂಡ್ ಚಾನೆಲ್’ ಕೊಡಿ, ವಾಚ್ ಹಿಸ್ಟರಿ ಪೂರ್ತಿ ಅಳಿಸಿ ಆಫ್ ಮಾಡಿದ್ರೆ ಹೋಮ್ ಪೇಜೇ ಖಾಲಿ ಆಗುತ್ತೆ. ರೀಸೆಟ್ ಮಾಡಿದ್ರೆ ಮುಗೀತು ಅಂತಲ್ಲ, ಮೊದಲ ಕೆಲವು ದಿನ ಏನ್ ನೋಡ್ತಾರೋ ಫೀಡ್ ಅದನ್ನೇ ಕಲಿಯುತ್ತೆ, ಅದಕ್ಕೆ ಅವರಿಗೆ ನಿಜವಾಗ್ಲೂ ಇಷ್ಟ ಇರೋದನ್ನ, ಚಿತ್ರ ಬಿಡ್ಸೋದೋ ಕ್ರಿಕೆಟ್ಟೋ, ಹುಡುಕಿ ನೋಡೋಕೆ ಹೇಳಿ. ಎರಡು ವಾರ ಬಿಟ್ಟು ಮತ್ತೆ ಇಪ್ಪತ್ತು ಎಣಿಸಿ.

ರಾತ್ರಿ ಮಕ್ಳ ಫೋನು, ಚಾರ್ಜರು ಹಾಲ್‌ನಲ್ಲಿರ್ಲಿ, ನಿಮ್ ಫೋನ್ ಕೂಡ ಅಲ್ಲೇ ಇರ್ಬೇಕು, ಇಲ್ಲಾಂದ್ರೆ ಮಕ್ಳು ಒಪ್ಪಲ್ಲ.

‘ನಂಗೆ ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ದಿರೋ ತೊಂದ್ರೆ) ಇದೆ, ಡಿಪ್ರೆಶನ್ ಇದೆ’ ಅಂತ ರೀಲ್ ನೋಡಿ ಬಂದು ಹೇಳಿದ್ರೆ ನಗ್ಬೇಡಿ. ಹೆಸರು ತಪ್ಪಿರ್ಬೋದು, ಕಷ್ಟ ನಿಜಾನೇ ಇರುತ್ತೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಓದು ಎಲ್ಲಾ ಏರುಪೇರಾಗಿದ್ರೆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ.

ಸಾಯೋ ಮಾತು ಬಂದ್ರೆ, ಇಲ್ಲಾ ಕೈ ಕುಯ್ಕೊಂಡಿರೋ ಗುರುತು ಕಂಡ್ರೆ, ‘ಸಾಯ್ಬೇಕು ಅನ್ಸಿದ್ಯಾ’ ಅಂತ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ಹುಟ್ಟುತ್ತೆ ಅಂತ ತುಂಬಾ ಜನ ಹೆದರ್ತಾರೆ, ಹಾಗಾಗಲ್ಲ, ಮಗೂಗೆ ಬಾಯಿ ಬಿಡೋಕೆ ಧೈರ್ಯ ಬರುತ್ತೆ. ಹೌದು ಅಂದ್ರೆ ಮನೇಲಿರೋ ಮಾತ್ರೆ, ಬ್ಲೇಡು ಎತ್ತಿಡಿ, ಮನಸ್ಸಿನ ಡಾಕ್ಟರ್ರು ನೋಡೋವರ್ಗೂ ಒಂಟಿಯಾಗಿ ಬಿಡ್ಬೇಡಿ, ರಾತ್ರಿ ಪಕ್ಕದಲ್ಲೇ ಮಲಗಿ.